6.62 ಸಿಜಿಪಿಎ ಇಟ್ಟುಕೊಂಡು ಪಿಎಚ್.ಡಿ ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಕೊಡಗಿನ ಮಾದಾಪುರದ ಹತ್ತಿರದವಳು. 2016ರಲ್ಲಿ ಸಿವಿಲ್ ಸೇರಿ 2020ರಲ್ಲಿ ಬಿ.ಇ ಮುಗಿಸಿದೆ, ವಿಟಿಯು. ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) 6.62. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿಯಿತು. ಮೊದಲು ಪರಿಹಾರ ಕೇಂದ್ರ, ಆಮೇಲೆ ನೆಂಟರ ಮನೆ. ಐದನೇ ಸೆಮಿಸ್ಟರ್‌ನಲ್ಲಿ ಎರಡು ಸಬ್ಜೆಕ್ಟ್ ಹೋಯಿತು, ಮುಂದೆ ಪಾಸ್ ಮಾಡಿಕೊಂಡೆ. ಕೊನೆಯ ಎರಡು ಸೆಮಿಸ್ಟರ್ 7.5ರ ಮೇಲಿದೆ. ಈಗ ಕುಶಾಲನಗರದಲ್ಲಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಸೈಟ್ ಇಂಜಿನಿಯರ್. ರಸ್ತೆ, ತಡೆಗೋಡೆ ಕೆಲಸ. ಭೂಕುಸಿತದ ಮೇಲೆ ಪಿಎಚ್.ಡಿ ಮಾಡಬೇಕು ಅಂತ ಆಸೆ. ಹಳೇ ಲೆಕ್ಚರರ್ ಒಬ್ಬರನ್ನು ಕೇಳಿದರೆ ‘ಈ ಮಾರ್ಕ್ಸಿಗೆ ಯಾರಮ್ಮ ತಗೊಳ್ತಾರೆ, ಬೇಕಾದ್ರೆ ಅಮೆರಿಕಾಗೆ ಹಾಕು’ ಅಂದರು. ಹಾಕಲಾ? ಇಲ್ಲೇ ದಾರಿ ಇದೆಯಾ? ನನಗೆ 27 ವರ್ಷ. ‘ಇನ್ನೂ ಎಷ್ಟು ವರ್ಷ ಓದೋದು’ ಅಂತ ಅಪ್ಪ ಕೇಳ್ತಾರೆ.

ಉತ್ತರ: ದಾರಿ ಇದೆ. ಆದರೆ ಬಿ.ಇ ಆದ ಕೂಡಲೇ ನೇರ ಪಿಎಚ್.ಡಿ ಅನ್ನುವುದು ನಿಮಗೆ ಇಲ್ಲಿ ಕಷ್ಟ. ನಡುವೆ ಒಂದು ಎಂ.ಟೆಕ್ ಬೇಕು. ಯಾವ ಥರದ ಎಂ.ಟೆಕ್ ಅನ್ನುವುದು ಮುಖ್ಯ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಕಡಿಮೆ ಸಿಜಿಪಿಎಯಿಂದ ಎರಡು ಬೇರೆ ಬೇರೆ ತೊಂದರೆ ಬರುತ್ತವೆ. ಜನ ಎರಡನ್ನೂ ಒಂದೇ ಅಂದುಕೊಂಡು ಕೊರಗುತ್ತಾರೆ. ಒಂದು, ಅರ್ಜಿಯಲ್ಲಿರುವ ಕನಿಷ್ಠ ಅಂಕ. ಅದನ್ನು ನೋಡುವುದು ಕಂಪ್ಯೂಟರ್, ಇಲ್ಲವೇ ಆಫೀಸಿನ ಗುಮಾಸ್ತರು. ಅಲ್ಲಿ ಬರೆ ಕುಸಿದ ಕಥೆ ನಡೆಯುವುದಿಲ್ಲ. ಯಾರ ಶಿಫಾರಸೂ ನಡೆಯುವುದಿಲ್ಲ. ಎರಡನೆಯದು, ಆ ಗೆರೆ ದಾಟಿದ ಮೇಲೆ ನಿಮ್ಮ ಅರ್ಜಿ ಕೈಗೆತ್ತಿಕೊಳ್ಳುವ ಪ್ರೊಫೆಸರ್. ಅವರಿಗೆ ಬೇಕಾಗಿರುವುದು ಐದು ವರ್ಷ ತಮ್ಮ ಜೊತೆ ಕೆಲಸ ಮಾಡುವ ಒಬ್ಬ ಮನುಷ್ಯ. ಅಂಕ ಚೆನ್ನಾಗಿದ್ದು ಎರಡನೇ ವರ್ಷಕ್ಕೇ ಬಿಟ್ಟು ಹೋದವರನ್ನು ಅವರೆಲ್ಲ ನೋಡಿರುತ್ತಾರೆ. ನಿಮ್ಮ ಶ್ರಮವೆಲ್ಲ ಇಲ್ಲಿಗೆ ಹೋಗಬೇಕು. ಮೊದಲನೆಯದಕ್ಕೆ ಒಂದು ಸಂಜೆ ಕೂತು ಲೆಕ್ಕ ಹಾಕಿದರೆ ಸಾಕು.

ಆ ಲೆಕ್ಕ ಹಾಕೋಣ. ನಿಮ್ಮ ಕಾಲದ ವಿಟಿಯು ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿದರೆ ಶೇಕಡಾ ಅಂಕ ಬರುತ್ತದೆ. ನಿಮ್ಮದು 58.7. ಫಸ್ಟ್ ಕ್ಲಾಸಿಗೆ 6.75 ಬೇಕಿತ್ತು, ನಿಮಗೆ 0.13 ಸಾಲದೆ ಹೋಯಿತು. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಇಲ್ಲೇ ಒಂದು ಕಿಂಡಿಯೂ ಇದೆ. ಎನ್‌ಐಟಿಗಳ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿಯಲ್ಲಿ ಸಾಮಾನ್ಯ ವರ್ಗಕ್ಕೆ ‘6.5 ಸಿಜಿಪಿಎ ಅಥವಾ 60 ಪರ್ಸೆಂಟ್’ ಅನ್ನುವ ನಿಯಮ ನಡೆದುಕೊಂಡು ಬಂದಿದೆ. ಸಿಜಿಪಿಎ ಲೆಕ್ಕದಲ್ಲಿ ನೀವು ಒಳಗೆ, ಪರ್ಸೆಂಟ್ ಲೆಕ್ಕದಲ್ಲಿ ಹೊರಗೆ! ಹಾಗಾಗಿ ಅರ್ಜಿ ಸಿಜಿಪಿಎ ಕೇಳಿದರೆ ಸಿಜಿಪಿಎಯನ್ನೇ ಹಾಕಿ. ಪರ್ಸೆಂಟ್ ಕೇಳದಿರುವಾಗ ಸುಮ್ನೆ ಅದಕ್ಕೆ ತಿರುಗಿಸಿ ಬರೆಯಲು ಹೋಗಬೇಡಿ. ಪರ್ಸೆಂಟೇ ಬೇಕು ಅಂದರೆ ವಿಟಿಯು ಸೂತ್ರದಂತೆ 58.7 ಅಂತ ಬರೆಯಿರಿ. ಅದನ್ನು 60 ಮಾಡಿ ಬರೆದು ದಾಖಲೆ ಪರಿಶೀಲನೆ ದಿನ ಸೀಟು ಕಳೆದುಕೊಂಡವರಿದ್ದಾರೆ.

ವರ್ಗದ ವಿಷಯವೂ ನೋಡಿಕೊಳ್ಳಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಸಿಇಟಿಯಲ್ಲಿ ನಡೆದ ಸರ್ಟಿಫಿಕೇಟ್ ಎನ್‌ಐಟಿ, ಐಐಟಿಯಲ್ಲಿ ನಡೆಯುತ್ತದೆ ಅಂತ ಗ್ಯಾರಂಟಿ ಇಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇಲ್ಲದಿದ್ದರೆ, ಆದಾಯ ಕಡಿಮೆ ಇದ್ದರೆ, ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಅನ್ವಯಿಸುತ್ತದಾ ಅಂತ ತಾಲ್ಲೂಕು ಆಫೀಸಿನಲ್ಲಿ ಕೇಳಿ. ಆದಾಯದ ಜೊತೆಗೆ ಜಮೀನಿನ ಮಿತಿಯೂ ಇರುವುದರಿಂದ ತೋಟ ಇರುವವರು ಅದನ್ನೂ ನೋಡಬೇಕು. ಈ ಕಾಗದಗಳನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಪಿಎಚ್.ಡಿಯ ನಿಯಮ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಿಂದ ನೇರ ಪಿಎಚ್.ಡಿಗೆ ಹೋಗಲು 75 ಪರ್ಸೆಂಟ್ ಬೇಕು. ಸ್ನಾತಕೋತ್ತರ ಡಿಗ್ರಿ ಆಗಿದ್ದರೆ ಅದರಲ್ಲಿ 55 ಸಾಕು. ಮೀಸಲಾತಿ ಇರುವವರಿಗೆ ಎರಡಕ್ಕೂ 5 ಪರ್ಸೆಂಟ್ ವಿನಾಯಿತಿ. ಅಂದರೆ ಎಂ.ಟೆಕ್ ಒಂದು ಆದರೆ ಯೂನಿವರ್ಸಿಟಿಗಳ ಮಟ್ಟಿಗೆ ನಿಮ್ಮ 6.62 ಬಹುತೇಕ ಹಿಂದಕ್ಕೆ ಸರಿಯುತ್ತದೆ. ಐಐಟಿ, ಐಐಎಸ್‌ಸಿಗಳಿಗೆ ಅವರವರದೇ ನಿಯಮ. ಅಲ್ಲಿ ಬಿ.ಇಯಿಂದ ನೇರ ಪಿಎಚ್.ಡಿ ಇದೆ, ಆದರೆ ಹಾಗೆ ಬರುವವರಿಂದ ಅಂಕ ಜಾಸ್ತಿಯೇ ಕೇಳುತ್ತಾರೆ. ಇನ್ನೊಂದು ಮಾತು. ಕನಿಷ್ಠ ಅರ್ಹತೆ ಬೇರೆ, ಶಾರ್ಟ್‌ಲಿಸ್ಟ್ ಬೇರೆ. ಅರ್ಜಿ ಜಾಸ್ತಿ ಬಂದರೆ ಡಿಪಾರ್ಟ್‌ಮೆಂಟಿನವರು ತಮ್ಮ ಗೆರೆಯನ್ನು ಮೇಲಕ್ಕೆ ಎಳೆಯುತ್ತಾರೆ. ಅರ್ಹತೆ ಇದ್ದೂ ಕರೆ ಬರದಿದ್ದರೆ ‘ಮೋಸ’ ಅಂದುಕೊಳ್ಳಬೇಡಿ.

ಹಾಗಾದರೆ ಯಾವ ಎಂ.ಟೆಕ್? ನನ್ನ ಮೊದಲ ಆಯ್ಕೆ ರಿಸರ್ಚ್ ಎಂ.ಟೆಕ್. ಐಐಎಸ್‌ಸಿಯಲ್ಲಿ ಅದಕ್ಕೆ ಎಂ.ಟೆಕ್ (ರಿಸರ್ಚ್) ಅನ್ನುತ್ತಾರೆ, ಹಿಂದೆ ಎಂ.ಎಸ್‌ಸಿ (ಇಂಜಿನಿಯರಿಂಗ್) ಅಂತಿತ್ತು. ಐಐಟಿ ಮದ್ರಾಸಿನಂಥ ಕಡೆ ಎಂ.ಎಸ್ ಅನ್ನುತ್ತಾರೆ. ಇದರಲ್ಲಿ ಕ್ಲಾಸು ಕಡಿಮೆ, ಥೀಸಿಸ್ ಜಾಸ್ತಿ. ಮೊದಲಿನಿಂದಲೇ ಒಬ್ಬ ಗೈಡ್ ಇರುತ್ತಾರೆ. ಆಯ್ಕೆಯಲ್ಲಿ ಇಂಟರ್‌ವ್ಯೂಗೆ ತೂಕ ಹೆಚ್ಚು. ಕೆಲಸ ಚೆನ್ನಾಗಿ ನಡೆದರೆ ಮಧ್ಯದಲ್ಲೇ ಪಿಎಚ್.ಡಿಗೆ ಬದಲಾಯಿಸಿಕೊಳ್ಳುವ ಅವಕಾಶವೂ ಹಲವು ಕಡೆ ಇದೆ. ಪರೀಕ್ಷೆಯ ಅಂಕವೇ ನಿಮ್ಮ ದುರ್ಬಲ ಜಾಗ ಆಗಿರುವಾಗ, ಪರೀಕ್ಷೆಯಿಂದ ಅಳೆಯದ ಡಿಗ್ರಿ ಒಳ್ಳೆಯದು ಅಲ್ವಾ?

ಎರಡನೆಯದು ಮಾಮೂಲಿ ಎಂ.ಟೆಕ್, ಜಿಯೋಟೆಕ್ನಿಕಲ್‌ನಲ್ಲಿ, ಅಂದರೆ ಮಣ್ಣು, ಅಡಿಪಾಯ, ಇಳಿಜಾರುಗಳ ವಿಭಾಗದಲ್ಲಿ. ನಿಮಗೆ ಹತ್ತಿರ ಅಂದರೆ ಸುರತ್ಕಲ್‌ನ ಎನ್‌ಐಟಿಕೆ, ಸಂಪಾಜೆ ಘಾಟಿ ಇಳಿದರೆ ಆಯಿತು. ಅಲ್ಲಿ ಹೊಸ ಸಿಜಿಪಿಎ ಒಂದು ಕೈಗೆ ಬರುತ್ತದೆ. ಅದೂ ಪರಿಹಾರವೇ. ಆದರೆ ಮೊದಲ ವರ್ಷ ಪೂರ್ತಿ ಕ್ಲಾಸು, ಅಸೈನ್‌ಮೆಂಟು, ಪರೀಕ್ಷೆ. ಪ್ರಾಜೆಕ್ಟಿಗೆ ಉಳಿಯುವುದು ಒಂದೇ ವರ್ಷ. ಗೇಟ್ (ಎಂ.ಟೆಕ್ ಸೇರಲು ದೇಶಮಟ್ಟದ ಪರೀಕ್ಷೆ) ಇಲ್ಲದೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ, ಅಥವಾ ಫೀಸು ಕಟ್ಟಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಎಂ.ಟೆಕ್ ಸೇರುವುದು ಮೂರನೆಯದು. ಕಾನೂನಿನ ಪ್ರಕಾರ ಅದೂ ನಡೆಯುತ್ತದೆ. ಆದರೆ ಲ್ಯಾಬ್ ಇಲ್ಲದ, ಸಂಶೋಧನೆ ಮಾಡುವ ಗೈಡ್ ಇಲ್ಲದ ಕಡೆ ಎರಡು ವರ್ಷ ಕಳೆದರೆ ನಿಮ್ಮ ಕೈಗೆ ಬರುವುದು ಇನ್ನೊಂದು ಅಂಕಪಟ್ಟಿ ಅಷ್ಟೇ. ನನ್ನ ಕೇಳಿದರೆ ಬೇಡ.

ಮೇಲಿನ ಮೊದಲ ಎರಡಕ್ಕೂ ಗೇಟ್ ಬೇಕು. ಬಿ.ಇ ಅಂಕವನ್ನು ಇನ್ನು ಯಾರೂ ಬದಲಾಯಿಸಲು ಆಗುವುದಿಲ್ಲ. ಇನ್ನೂ ನಿಮ್ಮ ಕೈಯಲ್ಲಿರುವ ಒಂದೇ ಸಂಖ್ಯೆ ಗೇಟ್ ಸ್ಕೋರ್. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಜನರಲ್ ಆಪ್ಟಿಟ್ಯೂಡ್. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಅರ್ಜಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್, ಪರೀಕ್ಷೆ ಫೆಬ್ರವರಿ. ನಮ್ಮ ಕಡೆ ಫೆಬ್ರವರಿ ಅಂದರೆ ರೋಬಸ್ಟಾ ಕೊಯ್ಲು, ಮನೆಯಲ್ಲಿ ಆಳು ಸಾಲದು, ಕಣದಲ್ಲಿ ಕಾಫಿ. ಓದಲು ಆಗುವುದಿಲ್ಲ. ಹಾಗಾಗಿ ಓದು ಮಳೆಗಾಲದಲ್ಲೇ ಮುಗಿಯಬೇಕು. ಸೈಟ್ ಕೆಲಸವೂ ಆಗ ನಿಂತಿರುತ್ತದೆ. ಕರೆಂಟ್ ಮೂರು ದಿನ ಇರುವುದಿಲ್ಲ ಅಂತ ಗೊತ್ತಿದ್ದೇ ಹಳೇ ಪ್ರಶ್ನೆಪತ್ರಿಕೆಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿಟ್ಟುಕೊಳ್ಳಿ. ಎಲ್ಲ ವಿಷಯಕ್ಕೂ ಸಮ ಸಮಯ ಕೊಡಬೇಡಿ. ಗಣಿತ, ಆಪ್ಟಿಟ್ಯೂಡ್, ಮಣ್ಣಿನ ಯಂತ್ರಶಾಸ್ತ್ರ, ನೀರಿನ ವಿಷಯಗಳು, ಇವು ಗಟ್ಟಿಯಾದರೆ ಸ್ಕೋರೂ ಬರುತ್ತದೆ, ಇಂಟರ್‌ವ್ಯೂಗೂ ಕೆಲಸಕ್ಕೆ ಬರುತ್ತವೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪಿಎಚ್.ಡಿ ಇಂಟರ್‌ವ್ಯೂಗಳಲ್ಲಿ ಮೇಜಿನ ಆ ಕಡೆ ಕೂತು ನೋಡಿದ್ದು ಹೇಳುತ್ತೇನೆ. ಕಡಿಮೆ ಅಂಕದವರು ಬಂದರೆ ನಾವು ಒಂದೇ ಒಂದು ಸಾಕ್ಷಿ ಹುಡುಕುತ್ತೇವೆ. ಯಾರೂ ಹೇಳದೆ, ಪರೀಕ್ಷೆಗೂ ಅಲ್ಲದೆ, ಈ ಹುಡುಗಿ ಒಂದು ಪ್ರಶ್ನೆ ಹಿಡಿದು ಕೊನೆ ಮುಟ್ಟಿಸಿದ್ದಾಳಾ? ಚಿಕ್ಕದಾದರೂ ಪರವಾಗಿಲ್ಲ. ಮುಗಿದಿರಬೇಕು. ‘ನನಗೆ ಸಂಶೋಧನೆಯಲ್ಲಿ ತುಂಬಾ ಆಸಕ್ತಿ’ ಅಂತ ಹತ್ತು ಸಲ ಬರೆದರೂ ಇದಕ್ಕೆ ಸಮ ಆಗುವುದಿಲ್ಲ.

ಈ ವಿಷಯದಲ್ಲಿ ನೀವು ಬೆಂಗಳೂರಿನ 9 ಸಿಜಿಪಿಎ ಹುಡುಗರಿಗಿಂತ ಮುಂದಿದ್ದೀರಿ. ಸೈಟಿನಲ್ಲಿ ದಿನಾ ಬರೆ ಕಡಿಯುವುದನ್ನು ನೋಡುತ್ತೀರಿ. ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ ಮೇಲೆ ಮಾದಾಪುರಕ್ಕೆ ಬರುವ ರಸ್ತೆ 2018ರಲ್ಲಿ ಏನಾಯಿತು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಚಿಕ್ಕ ಕೆಲಸ ಹೀಗೆ ಮಾಡಬಹುದು. ಒಂದು ರಸ್ತೆಯ ಹತ್ತು-ಹದಿನೈದು ಕಿಲೋಮೀಟರ್ ಆರಿಸಿಕೊಳ್ಳಿ. ಅದರಲ್ಲಿರುವ ಪ್ರತಿ ಕಡಿದ ಬರೆಯ ಎತ್ತರ, ಇಳಿಜಾರಿನ ಕೋನ, ಮಣ್ಣೋ ಕಲ್ಲೋ, ಮೇಲೆ ಏನಿದೆ (ತೋಟ, ಮನೆ, ಕಾಡು), ನೀರು ಹೋಗಲು ಚರಂಡಿ ಇದೆಯೋ, ತಡೆಗೋಡೆ ಇದ್ದರೆ ವೀಪ್ ಹೋಲ್ (ನೀರು ಹೊರಬರಲು ಬಿಟ್ಟ ತೂತು) ಬಾಯಿ ತೆರೆದಿದೆಯೋ ಮುಚ್ಚಿದೆಯೋ, ಎಲ್ಲ ಬರೆದುಕೊಳ್ಳಿ. ಮೊಬೈಲಿನಲ್ಲೇ ಜಾಗ, ಕೋನ, ಫೋಟೋ ಸಿಗುತ್ತದೆ.

ಇಲ್ಲಿ ಹೊಸಬರು ಎಲ್ಲರೂ ಎಡವುವ ಜಾಗ ಒಂದಿದೆ. ಕುಸಿದ ಬರೆಗಳನ್ನು ಮಾತ್ರ ಬರೆದುಕೊಳ್ಳುತ್ತಾರೆ. ಆಮೇಲೆ ‘ಕುಸಿದವುಗಳಲ್ಲಿ ಹೆಚ್ಚಿನವು ಕಡಿದಾಗಿದ್ದವು’ ಅಂತ ಬರೆಯುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಕುಸಿಯದೆ ನಿಂತಿರುವವೂ ಅಷ್ಟೇ ಕಡಿದಾಗಿದ್ದರೆ? ನಿಂತ ಬರೆಗಳನ್ನೂ ಅದೇ ಶ್ರದ್ಧೆಯಿಂದ ಅಳೆಯಿರಿ. ಆಗ ಮಾತ್ರ ಯಾವುದು ಕಾರಣ, ಯಾವುದು ಕಾರಣ ಅಲ್ಲ ಅಂತ ಕೇಳಬಹುದು. ಇಂಟರ್‌ವ್ಯೂನಲ್ಲಿ ‘ನಾನು ಕುಸಿಯದ ಬರೆಗಳನ್ನೂ ಅಳೆದೆ, ಯಾಕಂದರೆ...’ ಅಂತ ನೀವು ಶುರು ಮಾಡಿದರೆ ಪೇಪರ್ ನೋಡುತ್ತಾ ಕೂತವರು ತಲೆ ಎತ್ತುತ್ತಾರೆ.

ಇನ್ನೊಂದು ಆಸ್ತಿ ಕೊಡಗಿನಲ್ಲಿದೆ. ಮಳೆ ಪುಸ್ತಕ. ನಮ್ಮಲ್ಲಿ ತೋಟದ ಮನೆಗಳ ಅಂಗಳದಲ್ಲಿ ಮಳೆ ಮಾಪಕ ಇಟ್ಟು, ದಿನಾ ಬೆಳಿಗ್ಗೆ ಅಳೆದು, ಇಂಚು-ಸೆಂಟಿನ ಲೆಕ್ಕದಲ್ಲಿ ಬರೆದಿಡುವ ಪದ್ಧತಿ ತಲೆಮಾರಿನಿಂದ ಇದೆ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಬಿತ್ತು, ಬ್ಯಾಕಿಂಗ್ (ಅದರ ನಂತರ ಬೇಕಾದ ಮಳೆ) ಎಷ್ಟು ಬಿತ್ತು ಅಂತ ಫೋನಿನಲ್ಲಿ ಮಾತಾಡಿಕೊಳ್ಳುವುದು ನೀವೂ ಕೇಳಿದ್ದೀರಿ. ಹೊರಗಿನ ಸಂಶೋಧಕರಿಗೆ ಈ ಪುಸ್ತಕಗಳು ಸಿಗುವುದು ಕಷ್ಟ. ನಿಮಗೆ ಒಂದು ಕಾಫಿ ಕುಡಿದು ಮಾತಾಡಿದರೆ ಸಿಗುತ್ತದೆ. ನಾಲ್ಕೈದು ತೋಟಗಳ 2018 ಮತ್ತು 2019ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳ ಫೋಟೋ ತೆಗೆದುಕೊಳ್ಳಿ, ಮನೆಯವರ ಒಪ್ಪಿಗೆ ಪಡೆದು. ಎಕ್ಸೆಲ್‌ಗೆ ಹಾಕಿ. ಒಂದು ಇಂಚು 25.4 ಮಿಲಿಮೀಟರ್, ನೂರು ಸೆಂಟಿಗೆ ಒಂದು ಇಂಚು. ಆಮೇಲೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ, ಅಂದರೆ ಕೆಎಸ್‌ಎನ್‌ಡಿಎಂಸಿಯ, ಪಂಚಾಯಿತಿ ಮಟ್ಟದ ಮಳೆ ಅಂಕಿ ಜೊತೆ, ಉಪಗ್ರಹದ ಮಳೆ ಅಂಕಿ ಜೊತೆ ಹೋಲಿಸಿ ನೋಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರ, ಇಲ್ಲೂ ಹೋಗಿ ಕೇಳಬಹುದು.

ಹೋಲಿಸುವಾಗ ಒಂದು ಎಚ್ಚರಿಕೆ. ಬೆಳಿಗ್ಗೆ ಅಳೆದ ಮಳೆ ಹಿಂದಿನ ದಿನದ್ದು. ಕೆಲವರು ಅದನ್ನು ಅಳೆದ ದಿನದ ತಾರೀಕಿಗೆ ಬರೆಯುತ್ತಾರೆ, ಕೆಲವರು ಹಿಂದಿನ ದಿನಕ್ಕೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಉಪಗ್ರಹದ ದಿನದ ಲೆಕ್ಕ ಸಾಮಾನ್ಯವಾಗಿ ಗ್ರೀನಿಚ್ ಸಮಯದ್ದು, ನಮ್ಮ ಬೆಳಿಗ್ಗೆ 5.30ರಿಂದ ಶುರು. ಇದನ್ನು ಸರಿಮಾಡದೆ ಹೋಲಿಸಿದರೆ ಒಂದು ದಿನ ಹಿಂದೆ ಮುಂದೆ ಆಗಿ ಎಲ್ಲವೂ ತಾಳೆ ತಪ್ಪುತ್ತದೆ. ಪ್ರತಿ ಮನೆಯಲ್ಲೂ ಕೇಳಿ: ಎಷ್ಟು ಗಂಟೆಗೆ ಅಳೆಯುತ್ತೀರಿ, ಯಾವ ತಾರೀಕಿಗೆ ಬರೆಯುತ್ತೀರಿ? ಜೋರು ಮಳೆಯ ರಾತ್ರಿ ಮಾಪಕ ತುಂಬಿ ಹರಿದಿತ್ತಾ? ಈ ಪ್ರಶ್ನೆ ಕೇಳಬೇಕು ಅಂತ ಹೊಳೆಯುವುದೇ ಸಂಶೋಧನೆ. ಸಾಫ್ಟ್‌ವೇರ್ ಕಲಿಯುವುದು ಆಮೇಲಿನ ಮಾತು. ನಕ್ಷೆ ಮಾಡುವ ಕ್ಯೂಜಿಐಎಸ್ ಉಚಿತ, ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ.

ಶುರು ಮಾಡುವ ಮೊದಲು ಕೊಡಗಿನ ಭೂಕುಸಿತದ ಬಗ್ಗೆ ಈಗಾಗಲೇ ಬಂದಿರುವ ಪ್ರಬಂಧಗಳನ್ನು ಓದಿ. 2018ರ ಮೇಲೆ ಕೆಲಸ ಬಂದಿದೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರು ದೇಶದ ಭೂಕುಸಿತ ಸಾಧ್ಯತೆಯ ನಕ್ಷೆಯನ್ನು 1:50,000 ಅಳತೆಯಲ್ಲಿ ಮಾಡಿದ್ದಾರೆ, ಅದನ್ನೂ ನೋಡಿ. ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ನಿಮ್ಮ ಮನೆ ಹಿಂದಿನ ಬರೆ ಅದರಲ್ಲಿ ಕಾಣುವುದಿಲ್ಲ. ನಿಮ್ಮ ಕೆಲಸಕ್ಕೆ ಜಾಗ ಇರುವುದು ಅಲ್ಲೇ.

ಮುಗಿದ ಮೇಲೆ ಹತ್ತು ಪುಟದ ವರದಿ ಬರೆಯಿರಿ. ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿ ಪ್ರತಿ ವರ್ಷ ಸಮ್ಮೇಳನ ನಡೆಸುತ್ತದೆ, ಅಲ್ಲಿಗೆ ಕಳಿಸಿ ನೋಡಿ. ಆಗದಿದ್ದರೂ ನಷ್ಟ ಇಲ್ಲ, ವರದಿಯನ್ನೇ ಅರ್ಜಿ ಜೊತೆ ಇಡಬಹುದು. ಆದರೆ ವಾಟ್ಸಾಪಿನಲ್ಲಿ ‘ಎರಡು ಸಾವಿರ ರೂಪಾಯಿ, ಮೂರು ದಿನದಲ್ಲಿ ಇಂಟರ್‌ನ್ಯಾಷನಲ್ ಜರ್ನಲ್’ ಅಂತ ಬರುತ್ತದಲ್ಲ, ಅಲ್ಲಿ ಮಾತ್ರ ಹಾಕಬೇಡಿ. ಅಂಥ ಹೆಸರು ನಿಮ್ಮ ಪಟ್ಟಿಯಲ್ಲಿ ಕಂಡರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಏನೂ ಇಲ್ಲದಿರುವುದೇ ವಾಸಿ.

ಶಿಫಾರಸು ಪತ್ರದ ಬಗ್ಗೆ. ಸಾಮಾನ್ಯವಾಗಿ ಎರಡು-ಮೂರು ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಪ್ರತಿ ಕುಟುಂಬಕ್ಕೂ ಒಬ್ಬ ಕರ್ನಲ್ಲೋ ಬ್ರಿಗೇಡಿಯರ್ರೋ ನೆಂಟರು ಇದ್ದೇ ಇರುತ್ತಾರೆ. ದೊಡ್ಡವರು, ಒಳ್ಳೆಯವರು. ಅವರ ಪತ್ರ ಬೇಡ. ಎಂಎಲ್‌ಎ ಪತ್ರವೂ ಬೇಡ. ನೀವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಬರೆಯಬೇಕು. ಬಿ.ಇ ಪ್ರಾಜೆಕ್ಟ್ ಗೈಡ್ ಒಬ್ಬರು. ಸೈಟಿನಲ್ಲಿ ನಿಮ್ಮ ಕೆಲಸ ಪರಿಶೀಲಿಸುವ ಸೀನಿಯರ್ ಇಂಜಿನಿಯರ್ ಇನ್ನೊಬ್ಬರು. ಮೂರನೆಯವರನ್ನು ಈಗ ಸಂಪಾದಿಸಿಕೊಳ್ಳಬೇಕು. ಮೇಲಿನ ಕೆಲಸಕ್ಕೆ ಸಲಹೆ ಕೇಳಿಕೊಂಡು ಪೊನ್ನಂಪೇಟೆಯ ಅರಣ್ಯ ಕಾಲೇಜಿಗೋ ಹತ್ತಿರದ ಇಂಜಿನಿಯರಿಂಗ್ ಕಾಲೇಜಿಗೋ ಹೋಗಿ. ಮರದ ಬೇರು ಬರೆಯನ್ನು ಎಷ್ಟು ಹಿಡಿದಿಡುತ್ತದೆ ಅನ್ನುವುದು ಅರಣ್ಯದವರಿಗೂ ಆಸಕ್ತಿಯ ವಿಷಯ. ಆರು ತಿಂಗಳು ನಿಮ್ಮನ್ನು ನೋಡಿದವರು ‘ಈಕೆ ತಾನೇ ತಪ್ಪು ಹುಡುಕಿ ಎರಡನೇ ಸಲ ಅಳೆದು ಬಂದಳು’ ಅಂತ ಬರೆದರೆ ಅದಕ್ಕೆ ಬೆಲೆ. ‘ಸೌಮ್ಯ ಸ್ವಭಾವದ, ಶಿಸ್ತಿನ ವಿದ್ಯಾರ್ಥಿನಿ’ ಅನ್ನುವ ಪತ್ರಗಳು ನೂರಾರು ಬರುತ್ತವೆ, ನಾವು ಓದುವುದೂ ಇಲ್ಲ. ‘ಯಾರಮ್ಮ ತಗೊಳ್ತಾರೆ’ ಅಂದ ಲೆಕ್ಚರರ್ ಹತ್ತಿರ ಪತ್ರ ಕೇಳಬೇಡಿ. ಸಿಟ್ಟಿಗೆ ಹೇಳುತ್ತಿಲ್ಲ. ನಂಬಿಕೆ ಇಲ್ಲದವರು ಬರೆದ ಪತ್ರದಲ್ಲಿ ಅದು ಗೊತ್ತಾಗಿಬಿಡುತ್ತದೆ.

2018ರ ವಿಷಯ ಬರೆಯಬೇಕಾ? ಬರೆಯಿರಿ, ಎರಡು ಸಾಲು. ಆ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ ಕುಸಿದು ಊರು ಬಿಡಬೇಕಾಯಿತು, ಆ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಉಳಿಯಿತು, ಮುಂದೆ ಮುಗಿಸಿದೆ, ಕೊನೆಯ ಎರಡು ಸೆಮಿಸ್ಟರ್ 7.5ರ ಮೇಲಿದೆ. ಇಷ್ಟೇ. ಇಡೀ ಅರ್ಜಿಯನ್ನು ದುಃಖದ ಕಥೆ ಮಾಡಬೇಡಿ. ಓದುವವರಿಗೆ ಮರುಕ ಬರುತ್ತದೆ, ಆದರೆ ಮರುಕಕ್ಕೆ ಸೀಟು ಕೊಡುವುದಿಲ್ಲ. ಎರಡು ಸಾಲು ಮುಗಿದ ಕೂಡಲೇ ಮಳೆ ಪುಸ್ತಕಕ್ಕೆ, ಬರೆಯ ಅಳತೆಗೆ ಬನ್ನಿ. ಕಾರಣ ಹೇಳಿಕೊಳ್ಳದೆ ಸುಮ್ಮನಿದ್ದರೂ ತಪ್ಪು. ಅಂಕಪಟ್ಟಿಯಲ್ಲಿ ಗುಂಡಿ ಕಾಣುತ್ತದೆ, ಓದುವವರು ಸೋಮಾರಿತನ ಅಂದುಕೊಳ್ಳುತ್ತಾರೆ.

ಇಂಟರ್‌ವ್ಯೂನಲ್ಲಿ ಕೇಳುವುದು ಬುನಾದಿ. ನಿಮಗೆ ಖಂಡಿತ ಬರುವ ಪ್ರಶ್ನೆ: ಮಳೆ ಬಂದರೆ ಗುಡ್ಡ ಯಾಕೆ ಕುಸಿಯುತ್ತದೆ? ‘ಮಣ್ಣು ನೀರು ಕುಡಿದು ಭಾರ ಆಗುತ್ತದೆ’ ಅಂದರೆ ಅರ್ಧ ಅಂಕವೂ ಇಲ್ಲ. ಪೂರ್ತಿ ನೆನೆಯದ ಮಣ್ಣಿನ ಕಣಗಳ ನಡುವೆ ನೀರಿನ ಎಳೆತ ಇರುತ್ತದೆ, ಸಕ್ಷನ್. ಅದು ಕಣಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ವಾರಗಟ್ಟಲೆ ಮಳೆ ಆದರೆ ಅದು ಹೋಗುತ್ತದೆ. ಆಮೇಲೆ ನೀರಿನ ಮಟ್ಟ ಏರಿ ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಬೆಳೆಯುತ್ತದೆ, ಕಣಗಳು ಒಂದನ್ನೊಂದು ಒತ್ತುವ ಬಲ ಕಡಿಮೆ ಆಗುತ್ತದೆ, ಅದರ ಜೊತೆ ಘರ್ಷಣೆಯೂ. ಭಾರದ ಪಾಲು ಚಿಕ್ಕದು. ಬೋರ್ಡಿನ ಮೇಲೆ ಉದ್ದನೆಯ ಇಳಿಜಾರಿನ ಲೆಕ್ಕ ಹಾಕಿ ತೋರಿಸಿ. ಅಂಟಿಲ್ಲದ ಮಣ್ಣು, ಘರ್ಷಣೆ ಕೋನ 32 ಡಿಗ್ರಿ, ಇಳಿಜಾರು 25 ಡಿಗ್ರಿ. ಒಣಗಿದ್ದಾಗ ಸುರಕ್ಷತಾ ಅಂಶ ಸುಮಾರು 1.34. ನೀರು ಮೇಲ್ಮೈವರೆಗೂ ತುಂಬಿ ಇಳಿಜಾರಿಗೆ ಸಮನಾಗಿ ಹರಿಯುತ್ತಿದ್ದರೆ ಅದು ಹೆಚ್ಚುಕಮ್ಮಿ ಅರ್ಧ, 0.65ರ ಆಸುಪಾಸು. 1ಕ್ಕಿಂತ ಕಡಿಮೆ, ಅಂದರೆ ಕುಸಿಯಬೇಕು. ಮುಂದಿನ ಪ್ರಶ್ನೆ: ಹಾಗಾದರೆ ಕೊಡಗಿನ ಅಷ್ಟು ಕಡಿದಾದ ಬೆಟ್ಟಗಳು ಇಷ್ಟು ವರ್ಷ ಹೇಗೆ ನಿಂತಿವೆ? ಮಣ್ಣಿನ ಅಂಟು, ಬೇರು, ಸಕ್ಷನ್, ನೀರು ಬಸಿದು ಹೋಗುವ ದಾರಿ. ಮತ್ತೆ ಅವು 2018ರಲ್ಲಿ ಯಾಕೆ ಕೈಕೊಟ್ಟವು? ಬುಡದಲ್ಲಿ ಕಡಿದದ್ದು, ನೀರಿನ ದಾರಿ ಮುಚ್ಚಿದ್ದು, ಜೂನ್‌ನಿಂದಲೇ ನೆನೆದಿದ್ದ ನೆಲಕ್ಕೆ ಆಗಸ್ಟ್‌ನಲ್ಲಿ ಮತ್ತೆ ಸುರಿದದ್ದು. ಇಲ್ಲಿ ನೀವು ಅಳೆದ ಬರೆಗಳು ಮಾತಿಗೆ ಬರುತ್ತವೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಆದರೆ ಹೀಗೆ ಯೋಚಿಸುತ್ತೇನೆ’ ಅನ್ನಿ. ಗಣಿತದಲ್ಲಿ ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಸಮೀಕರಣ, ಸಂಭವನೀಯತೆ ಕೇಳುತ್ತಾರೆ.

ಅಮೆರಿಕಾ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಬಿ.ಇಯಿಂದ ನೇರ ಪಿಎಚ್.ಡಿ ಇದೆ, ಫಂಡಿಂಗ್ ಸಿಕ್ಕರೆ ಫೀಸು ಮನ್ನಾ, ಸ್ಟೈಪೆಂಡೂ ಇರುತ್ತದೆ. ಬಹಳ ಕಡೆ 4ಕ್ಕೆ 3.0 ಅನ್ನುವ ಕನಿಷ್ಠ ಗೆರೆ ಇದೆ. ನಿಮ್ಮ 6.62ನ್ನು ನೇರ ಅನುಪಾತ ಹಾಕಿ 2.65 ಅಂತ ನೀವೇ ಬರೆದುಕೊಳ್ಳಬೇಡಿ. ಬೇರೆ ಸೂಚನೆ ಇಲ್ಲದಿದ್ದರೆ 10ರ ಸ್ಕೇಲಿನಲ್ಲೇ ಕೊಡಿ, ಲೆಕ್ಕ ಅವರು ಹಾಕಿಕೊಳ್ಳಲಿ. ಅರ್ಜಿ ಡಿಸೆಂಬರ್ ಆಸುಪಾಸು ಮುಗಿಯುತ್ತದೆ. ಒಂದೊಂದು ಅರ್ಜಿಗೂ ಡಾಲರ್‌ನಲ್ಲಿ ಫೀಸು, ಅದರ ಮೇಲೆ ಇಂಗ್ಲಿಷ್ ಪರೀಕ್ಷೆ. ಹತ್ತು ಕಡೆ ಹಾಕಿದರೆ ಲಕ್ಷ ದಾಟುವುದು ಕಷ್ಟವೇನಲ್ಲ. ಕೈಯಲ್ಲಿ ಮುಗಿದ ಕೆಲಸ ಇಲ್ಲದೆ ಈ ವರ್ಷ ಹಾಕುವುದು ದುಡ್ಡು ದಂಡ. ಜರ್ಮನಿ, ನೆದರ್ಲ್ಯಾಂಡ್ಸ್, ನಾರ್ಡಿಕ್ ದೇಶಗಳಲ್ಲಿ ಪಿಎಚ್.ಡಿ ಬಹುಪಾಲು ಸಂಬಳದ ಕೆಲಸ, ಆದರೆ ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರಬೇಕು. ಅಂದರೆ ಅಲ್ಲಿಗೂ ಎಂ.ಟೆಕ್ ಆದ ಮೇಲೆ.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹೇಳಿ ಕೂರಿಸಿ ಮಾತಾಡಿ. ಗೇಟ್ ಮೇಲೆ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ಸ್ಟೈಪೆಂಡ್. ನಿಮ್ಮ ಈಗಿನ ಸಂಬಳಕ್ಕಿಂತ ಕಡಿಮೆಯೇ ಇರಬಹುದು. ಪಿಎಚ್.ಡಿಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ 37,000, ಎರಡು ವರ್ಷದ ಮೇಲೆ 42,000, ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಎಲ್ಲ ಸೇರಿ ಆರೇಳು ವರ್ಷ. 27 ವಯಸ್ಸಿನಿಂದ ಆಯ್ಕೆಗೆ ತೊಂದರೆ ಇಲ್ಲ, ಸೈಟ್ ಅನುಭವ ಇದ್ದವರನ್ನು ಜಿಯೋಟೆಕ್ನಿಕಲ್‌ನಲ್ಲಿ ಇಷ್ಟಪಡುತ್ತಾರೆ. ಮನೆಗೆ ದುಡ್ಡು ಕಳಿಸಲೇಬೇಕು ಅಂತಿದ್ದರೆ ಇನ್ನೊಂದು ದಾರಿ ಇದೆ. ಐಐಟಿ, ಎನ್‌ಐಟಿ, ಐಐಎಸ್‌ಸಿ ಪ್ರೊಫೆಸರ್‌ಗಳ ಪ್ರಾಜೆಕ್ಟ್‌ಗಳಲ್ಲಿ ಸ್ಟಾಫ್ ಹುದ್ದೆ ಕರೆಯುತ್ತಿರುತ್ತಾರೆ. ಒಂದೆರಡು ವರ್ಷ ಸಂಬಳ, ಲ್ಯಾಬ್ ಕೆಲಸ, ಮೇಲಾಗಿ ನಿಮ್ಮನ್ನು ಹತ್ತಿರದಿಂದ ನೋಡಿದ ಒಬ್ಬ ಪ್ರೊಫೆಸರ್. ಕೆಲಸ ಬಿಡದೆ ಪಾರ್ಟ್ ಟೈಮ್ ಪಿಎಚ್.ಡಿ ಅನ್ನುವುದು ನಿಮಗೆ ಈಗ ಅಲ್ಲ. ಎಂ.ಟೆಕ್ ಆಗಿರಬೇಕು, ಕೆಲಸ ಕೊಟ್ಟವರ ಒಪ್ಪಿಗೆ ಪತ್ರವೂ ಬೇಕು.

ಪ್ರೊಫೆಸರ್‌ಗಳಿಗೆ ಮೇಲ್ ಯಾವಾಗ ಬರೆಯಬೇಕು ಅಂದರೆ, ವರದಿ ಕೈಗೆ ಬಂದ ಮೇಲೆ. ‘ರೆಸ್ಪೆಕ್ಟೆಡ್ ಸರ್, ನಿಮ್ಮ ಮಾರ್ಗದರ್ಶನದಲ್ಲಿ ಅವಕಾಶ ಕೊಡಿ’ ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಬೇಡಿ. ಇಳಿಜಾರು, ಭೂಕುಸಿತದ ಮೇಲೆ ಕೆಲಸ ಮಾಡುವ ಏಳೆಂಟು ಜನರನ್ನು ಆರಿಸಿ. ಒಬ್ಬೊಬ್ಬರ ಒಂದು ಪ್ರಬಂಧ ಪೂರ್ತಿ ಓದಿ, ಅರ್ಥ ಆಗದ ಒಂದು ಜಾಗ ಗುರುತಿಸಿಕೊಳ್ಳಿ. ಮೇಲ್ ಹತ್ತು ಸಾಲು ಸಾಕು. ನಾನು ಯಾರು, ಏನು ಅಳೆದೆ, ಏನು ಕಂಡಿತು, ನಿಮ್ಮ ಪ್ರಬಂಧದ ಇಂಥ ಜಾಗದ ಬಗ್ಗೆ ಈ ಪ್ರಶ್ನೆ, ವರದಿ ಜೊತೆಗಿದೆ. ಸಿಜಿಪಿಎ ಮುಚ್ಚಿಡಬೇಡಿ, ಆದರೆ ಮೊದಲ ಸಾಲಿನಲ್ಲೂ ಬೇಡ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಗಲೂ ಬರದಿದ್ದರೆ ಅವರನ್ನು ಬಿಟ್ಟು ಮುಂದಿನವರಿಗೆ ಬರೆಯಿರಿ.